ಜೇಜುರಿಯ ಭಂಡಾರ ಮತ್ತು ಕ್ಯಾಮರಾದ ಬಿಳುಪು
(ಛಾಯಾಗ್ರಹಣದ ಅಭ್ಯಾಸಪಾಠ)

ಪುಣೆಯಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಜೇಜುರಿಗೆ ಹೋಗಿಬರುವುದುಂಟು. ಊರು ಪುಣೆಯಿಂದ ಸುಮಾರು 50 ಕಿಲೋಮೀಟರು, ಪುರಂದರ ತಾಲ್ಲೂಕಿಗೆ ಸೇರಿದ್ದು. ರೈಲಿನಲ್ಲಾದರೆ ಪುಣೆ-ಮೀರಜ ಮಾರ್ಗದಲ್ಲಿ ಅಲ್ಲಿಯದೇ ನಿಲ್ದಾಣವಿದೆ. ರಸ್ತೆಯಲ್ಲಾದರೆ ದಿವೆ ಘಾಟು ಹತ್ತಿ ಸಾಸವಡದ ಮೇಲಿಂದ ಹೋಗಬೇಕು. ಗುಡ್ಡದ ಮೇಲೆ ಕೋಟೆಯಂಥ ಗೋಡೆಗಳ ನಡುವೆ ಖಂಡೋಬನ ಗುಡಿಯಿದೆ. ಈ ಖಂಡೋಬನೂ ನಮ್ಮ ಮೈಲಾರಲಿಂಗನೂ ಒಬ್ಬನೇ ಎಂಬುದು ಭಕ್ತರ ನಂಬಿಕೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ ಈ ಕಡೆಗಳಿಂದ ಬಂದವರಿಗೆ ಜೇಜುರಿಯೆಂದರೆ ಪರಸ್ಥಳವೆನಿಸುವುದೇ ಇಲ್ಲ.

ಅಲ್ಲಿ ಅರಿಷಿಣದ ಪುಡಿಯನ್ನು, ಅಂದರೆ ಭಂಡಾರವನ್ನು, ದೇವರ ಮೇಲೂ ಭಕ್ತರ ಮೇಲೂ ಎರಚುವ ಪದ್ಧತಿ. ಅಮಾವಾಸ್ಯೆಯು ಸೋಮವಾರ ಬಂದಾಗ ಪಲ್ಲಕ್ಕಿಯು ಕರ್ಹಾ ನದಿಗೆ ಹೋಗುತ್ತದೆ. ಮಾರ್ಗಶಿರ ಶುದ್ಧ ಪಾಡ್ಯದಿಂದ ಚಂಪಾಷಷ್ಠಿಯವರೆಗೆ ಆರು ದಿನ ಉತ್ಸವ. ಅಂಥ ದಿನಗಳಲ್ಲಿ ಮೆಟ್ಟಿಲು, ಅಂಗಳ, ಕಂಬ, ಮಂದಿಯ ತಲೆ, ಅಂಗಿ ಎಲ್ಲವೂ ಹಳದಿ. ಕಣ್ಣಿಗೆ ಇದಕ್ಕಿಂತ ಹಬ್ಬ ಬೇರೆ ಬೇಕಿಲ್ಲ.

ಆದರೆ ಚಿತ್ರ ತೆಗೆದು ಮನೆಗೆ ಬಂದು ನೋಡಿದರೆ ಕೆಲವರಿಗೆ ನಿರಾಶೆಯಾಗುತ್ತದೆ. ಭಂಡಾರವು ನಿಂಬೆಹಣ್ಣಿನ ಸಿಪ್ಪೆಯಂತೆ ಬಿಳಚಿಕೊಂಡಿರುತ್ತದೆ; ಮುಖಗಳ ಮೇಲೆ ನೀಲಿ ಛಾಯೆ ಬಂದು, ಹಬ್ಬಕ್ಕೆ ಹೋದವರು ಆಸ್ಪತ್ರೆಯಿಂದ ಬಂದವರಂತೆ ಕಾಣುತ್ತಾರೆ. ಮತ್ತೆ ಕೆಲವು ಚಿತ್ರಗಳಲ್ಲಿ ಎಲ್ಲವೂ ಕಾಮಾಲೆ ಹಿಡಿದಂತೆ. ಒಂದು ದಿನದ ಪಗಾರ ಬಿಟ್ಟು, ಊರಿನಿಂದ ತಾಯಿ ತಂದೆಗಳನ್ನು ಕರೆಸಿಕೊಂಡು ಗುಡ್ಡ ಹತ್ತಿಸಿದವನಿಗೆ ಮರುವಾರ ಹೋಗಿ ಮತ್ತೆ ತೆಗೆಯುವ ಅನುಕೂಲವಿಲ್ಲ. ವಯಸ್ಸಾದವರು ಮತ್ತೆ ಆ ಮೆಟ್ಟಿಲು ಹತ್ತುವರೆಂಬ ಭರವಸೆಯೂ ಇಲ್ಲ. ಅದೇ ಚಿತ್ರಕ್ಕೆ ಮುಂದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಪ್ರಸಂಗ ಬರಬಹುದು. ಆದುದರಿಂದ ಬಣ್ಣ ಕೆಡುವುದೇಕೆ, ಕೆಡದಂತೆ ಮಾಡುವುದು ಹೇಗೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಇದಕ್ಕೆ ಹೆಚ್ಚಿನ ವಿದ್ಯೆಯೂ ಬೇಡ, ಹೆಚ್ಚಿನ ಹಣವೂ ಬೇಡ.

ಬೆಳಕಿಗೂ ಬಣ್ಣವುಂಟು

ಬೆಳಕೆಂದರೆ ಬಿಳಿ ಎಂದು ನಾವು ತಿಳಿದಿರುತ್ತೇವೆ. ಇದು ಪೂರ್ತಿ ನಿಜವಲ್ಲ. ಸಂಜೆ ಮಬ್ಬುಗತ್ತಲಾಗುವಾಗ ಮನೆಯಲ್ಲಿ ಹಳೆಯ ಬಗೆಯ ತಂತಿಯ ಬಲ್ಬನ್ನು ಹೊತ್ತಿಸಿ ಹೊರಗೆ ಬಂದು ನಿಲ್ಲಿರಿ. ಕಿಟಕಿಯೊಳಗಿನ ಬೆಳಕು ಕಿತ್ತಳೆಯಂತೆ ಕಾಣುತ್ತದೆ. ಈಗ ಒಳಗೆ ಹೋಗಿ ಹತ್ತು ನಿಮಿಷ ಕುಳಿತುಕೊಳ್ಳಿರಿ. ಒಳಗಿನ ಬೆಳಕು ಬಿಳಿಯೆನಿಸುತ್ತದೆ. ಕಿಟಕಿಯ ಹೊರಗಿನ ಆಕಾಶವೇ ಅತಿ ನೀಲಿಯಾಗಿ ತೋರುತ್ತದೆ. ಬಲ್ಬೂ ಅದೇ, ಆಕಾಶವೂ ಅದೇ. ಬದಲಾದದ್ದು ನಮ್ಮ ಕಣ್ಣಿನ ಎಣಿಕೆ. ಯಾವ ಬೆಳಕಿನಲ್ಲಿ ಇರುತ್ತೇವೆಯೋ ಆ ಬೆಳಕಿನ ಬಣ್ಣವನ್ನು ಕಣ್ಣು ಮತ್ತು ಮಿದುಳು ಕೂಡಿ ಸದ್ದಿಲ್ಲದೆ ವಜಾ ಮಾಡಿಬಿಡುತ್ತವೆ. ಹೀಗಾಗಿ ಬಿಳಿ ಧೋತರವು ಬಿಸಿಲಿನಲ್ಲೂ ನೆರಳಿನಲ್ಲೂ ದೀಪದ ಮುಂದೆಯೂ ನಮಗೆ ಬಿಳಿಯೇ.

ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಬಣ್ಣವಾಗಿ ಕಂಡ ಎರಡು ತುಂಡುಗಳು ಹಗಲು ಬೆಳಕಿಗೆ ಬಂದಾಗ ಬೇರೆಬೇರೆಯಾಗಿ ಕಾಣುವುದುಂಟು. ಆದ್ದರಿಂದಲೇ ಬಣ್ಣ ಹೊಂದಿಸುವವರು ಮಾದರಿಯನ್ನು ಕಿಟಕಿಯ ಬಳಿಗೆ ಒಯ್ಯುತ್ತಾರೆ. ಇಲ್ಲವೆ ಗೊತ್ತಾದ ಬೆಳಕಿನ ಪೆಟ್ಟಿಗೆಯೊಳಗಿಟ್ಟು ನೋಡುತ್ತಾರೆ. ವಸ್ತುವಿನ ಬಣ್ಣವನ್ನು ಹೇಳುವ ಮೊದಲು ಯಾವ ಬೆಳಕಿನಲ್ಲಿ ನೋಡಿದಿರಿ ಎಂಬುದನ್ನು ಹೇಳಲೇಬೇಕು. ಇದೇ ಈ ಪಾಠದ ಮೂಲಸೂತ್ರ.

ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನ

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವನ್ನು ಕಾಯಿಸುವುದನ್ನು ನಾವೆಲ್ಲ ನೋಡಿದ್ದೇವೆ. ಮೊದಲು ಕಡುಗೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಿಳಿಯತ್ತ ಅದರ ಬಣ್ಣ ತಿರುಗುತ್ತದೆ. ಇನ್ನೂ ಹೆಚ್ಚು ಕಾಯಿಸಲು ಸಾಧ್ಯವಾದರೆ ಕಾಂತಿಯು ನೀಲಿಯತ್ತ ಹೋಗುತ್ತದೆ. ಕಾವಿಗೂ ಬಣ್ಣಕ್ಕೂ ಹೀಗೆ ಕಟ್ಟಳೆಯಿರುವುದರಿಂದ ಶಾಸ್ತ್ರಜ್ಞರು ಬೆಳಕಿನ ಬಣ್ಣವನ್ನು ಕಾವಿನ ಅಂಕಿಯಿಂದಲೇ ಹೇಳುತ್ತಾರೆ. ಆ ಅಳತೆಗೆ ಕೆಲ್ವಿನ್ ಎಂದು ಹೆಸರು. 1824ರಲ್ಲಿ ಹುಟ್ಟಿ 1907ರಲ್ಲಿ ತೀರಿಕೊಂಡ ವಿಲಿಯಂ ಥಾಮ್ಸನ್ ಎಂಬ ವಿಜ್ಞಾನಿಗೆ ಲಾರ್ಡ್ ಕೆಲ್ವಿನ್ ಎಂಬ ಪದವಿಯಿತ್ತು. ಅವರ ಹೆಸರೇ ಈ ಮಾನಕ್ಕೆ ನಿಂತಿದೆ. ಈ ಮಾನದ ಸೊನ್ನೆಯು ಸೆಲ್ಸಿಯಸ್ ಮಾನದ ಸೊನ್ನೆಗಿಂತ 273.15 ಡಿಗ್ರಿ ಕೆಳಗಿದೆ.

ಸಾಮಾನ್ಯ ಬೆಳಕುಗಳ ಅಂಕಿಗಳು ಹೀಗಿವೆ. ಮೇಣದ ಬತ್ತಿ ಮತ್ತು ಎಣ್ಣೆಯ ದೀಪ ಸುಮಾರು 1,900. ತಂತಿಯ ಬಲ್ಬು 2,700ರಿಂದ 2,900. ಸ್ಟುಡಿಯೋದ ಟಂಗ್‌ಸ್ಟನ್ ದೀಪ 3,200. ನಡುಹಗಲಿನ ಬಿಸಿಲು ಮತ್ತು ಕ್ಯಾಮರಾದ ಫ್ಲ್ಯಾಶು 5,500ರ ಆಸುಪಾಸು. ಮೋಡ ಮುಚ್ಚಿದ ಹಗಲು 6,500ರ ಸುಮಾರು. ತಿಳಿಯಾದ ಆಕಾಶದ ಕೆಳಗಿನ ನೆರಳು 7,000ದಿಂದ 8,000, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂಕಿ ಕಡಿಮೆಯಾದಷ್ಟು ಬೆಳಕು ಹಳದಿ-ಕೆಂಪು, ಹೆಚ್ಚಾದಷ್ಟು ನೀಲಿ. ನಾವು ಮಾತಿನಲ್ಲಿ ಹಳದಿ ಬೆಳಕನ್ನು ಬೆಚ್ಚನೆಯದೆಂದೂ ನೀಲಿಯನ್ನು ತಂಪೆಂದೂ ಹೇಳುತ್ತೇವೆ. ಅಂಕಿಯ ಲೆಕ್ಕ ಅದಕ್ಕೆ ವಿರುದ್ಧವಾಗಿದೆ ಎಂಬುದನ್ನು ಮರೆಯಬಾರದು.

ಲೆಕ್ಕದಲ್ಲಿ ಆಸಕ್ತಿಯಿರುವವರಿಗೆ ಒಂದು ಮಾತು. 2,700ಕ್ಕೂ 3,200ಕ್ಕೂ ನಡುವಿನ 500 ಮತ್ತು 5,500ಕ್ಕೂ 6,000ಕ್ಕೂ ನಡುವಿನ 500 ಸಮನಲ್ಲ. ಹತ್ತು ಲಕ್ಷವನ್ನು ಕೆಲ್ವಿನ್ ಅಂಕಿಯಿಂದ ಭಾಗಿಸಿರಿ. ಮೊದಲ ಜೋಡಿಗೆ ಸುಮಾರು 370 ಮತ್ತು 312 ಬರುತ್ತದೆ, ಅಂತರ 58. ಎರಡನೆಯ ಜೋಡಿಗೆ ಸುಮಾರು 182 ಮತ್ತು 167, ಅಂತರ 15 ಮಾತ್ರ. ಕಣ್ಣಿಗೆ ಕಾಣುವ ವ್ಯತ್ಯಾಸವು ಈ ಅಂತರಕ್ಕೆ ಅನುಸಾರವಾಗಿರುತ್ತದೆ. ಅಂದರೆ ದೀಪದ ಬೆಳಕಿನಲ್ಲಿ ಸ್ವಲ್ಪ ಎಡವಿದರೂ ಚಿತ್ರ ಹೆಚ್ಚು ಕೆಡುತ್ತದೆ. ಹಗಲಿನಲ್ಲಿ ಅಷ್ಟು ಭಯವಿಲ್ಲ.

ಕ್ಯಾಮರಾ ತಾನೇ ಊಹಿಸಿದಾಗ ಏನಾಗುತ್ತದೆ

ಕ್ಯಾಮರಾದೊಳಗಿನ ಬೆಳಕು ಹಿಡಿಯುವ ಬಿಲ್ಲೆಯ ಮೇಲೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಗೆಯ ಸಣ್ಣ ಸಣ್ಣ ಸೋಸುಗಗಳಿರುತ್ತವೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರು ಇದರ ಜೋಡಣೆಯನ್ನು ಕಂಡುಹಿಡಿದು 1976ರಲ್ಲಿ ಪೇಟೆಂಟ್ ಪಡೆದರು. ಪ್ರತಿ ನಾಲ್ಕು ಚೌಕಗಳಲ್ಲಿ ಹಸಿರಿಗೆ ಎರಡು, ಕೆಂಪಿಗೆ ಒಂದು, ನೀಲಿಗೆ ಒಂದು. ಕ್ಯಾಮರಾ ಬರೆದುಕೊಳ್ಳುವುದು ಈ ಮೂರು ಖಾತೆಗಳ ಅಂಕಿಗಳನ್ನು ಮಾತ್ರ. ಬಿಳಿ ಅಥವಾ ಬೂದು ಬಣ್ಣದ ವಸ್ತುವಿಗೆ ಮೂರು ಖಾತೆಗಳೂ ಸಮನಾಗಿರಬೇಕು. ಬೆಳಕಿಗೆ ಬಣ್ಣವಿದ್ದರೆ ಸಮನಾಗಿರುವುದಿಲ್ಲ. ಆಗ ಕೆಂಪು ಮತ್ತು ನೀಲಿಯ ಖಾತೆಗಳನ್ನು ತಕ್ಕ ಅಂಕಿಯಿಂದ ಗುಣಿಸಿ ಸಮ ಮಾಡುತ್ತಾರೆ. ವೈಟ್ ಬ್ಯಾಲೆನ್ಸ್, ಅಂದರೆ ಬಿಳುಪಿನ ಸಮತೋಲ, ಎಂಬುದು ಇಷ್ಟೇ. ಕಿರಾಣಿ ಅಂಗಡಿಯಲ್ಲಿ ಎಣ್ಣೆ ತೂಗುವ ಮೊದಲು ಬರಿ ಡಬ್ಬಿಯ ತೂಕವನ್ನು ಕಳೆಯುವಂತೆ, ಚಿತ್ರ ತೆಗೆಯುವ ಮೊದಲು ಬೆಳಕಿನ ಬಣ್ಣವನ್ನು ಕಳೆಯಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳನ್ನು ಲೆಕ್ಕದ ಅನುಕೂಲಕ್ಕಾಗಿ ಹಿಡಿದಿದ್ದೇವೆ. ಗುಡಿಯ ಅಂಗಳದ ನೆರಳಿನಲ್ಲಿ ಒಂದು ಬೂದು ಹಲಗೆಯನ್ನು ಹಿಡಿದರೆ ಕೆಂಪು 80, ಹಸಿರು 100, ನೀಲಿ 125 ಬಂತೆನ್ನಿ. ನೆರಳಿನ ಬೆಳಕು ನೀಲಿಯಾದ್ದರಿಂದ ನೀಲಿಯ ಖಾತೆ ಹೆಚ್ಚಾಗಿದೆ. ಕೆಂಪನ್ನು 1.25ರಿಂದಲೂ ನೀಲಿಯನ್ನು 0.8ರಿಂದಲೂ ಗುಣಿಸಿದರೆ ಮೂರೂ 100 ಆಗುತ್ತವೆ. ಅದೇ ನೆರಳಿನಲ್ಲಿ ನಿಂತ ಒಬ್ಬ ತಾಯಿಯ ಮುಖ 64, 60, 50 ಎಂದು ದಾಖಲಾದರೆ, ಅದೇ ಗುಣಕಗಳಿಂದ 80, 60, 40 ಆಗುತ್ತದೆ. ಬಿಸಿಲಿನಲ್ಲಿ ದುಡಿದವರ ಮುಖದ ಬೆಚ್ಚನೆಯ ಕಂದು ಬಣ್ಣವಿದು. ಭಂಡಾರವು 72, 70, 15 ಎಂದಿದ್ದುದು 90, 70, 12 ಆಗಿ ತನ್ನ ನಿಜವಾದ ಗಾಢ ಹಳದಿಗೆ ಬರುತ್ತದೆ.

ಈಗ ಕ್ಯಾಮರಾವನ್ನು ಅದರ ಪಾಡಿಗೆ ಬಿಡೋಣ. ತಾನೇ ಊಹಿಸುವ ಕ್ಯಾಮರಾದ ಹಳೆಯ ಸರಳ ನಿಯಮವೆಂದರೆ, ಲೋಕದ ಎಲ್ಲ ಬಣ್ಣಗಳನ್ನು ಕೂಡಿಸಿ ಸರಾಸರಿ ತೆಗೆದರೆ ಬೂದು ಬರುತ್ತದೆ ಎಂಬುದು. ಪೇಟೆಯ ಬೀದಿಯಲ್ಲಿ, ಮನೆಯಲ್ಲಿ, ಹೊಲದಲ್ಲಿ ಈ ನಿಯಮ ಬಹುಮಟ್ಟಿಗೆ ನಡೆಯುತ್ತದೆ. ಜೇಜುರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಚೌಕಟ್ಟಿನ ತುಂಬ ಭಂಡಾರವೇ ಇರುವುದರಿಂದ ಸರಾಸರಿಯು 72, 70, 15ರ ಹತ್ತಿರ ಬರುತ್ತದೆ. ವಸ್ತು ಹಳದಿಯೋ ಬೆಳಕು ಹಳದಿಯೋ ಎಂದು ಕ್ಯಾಮರಾಕ್ಕೆ ತಿಳಿಯದು. ಬೆಳಕೇ ಹಳದಿಯೆಂದು ಅದು ತೀರ್ಮಾನಿಸಿ ನೀಲಿಯ ಖಾತೆಯನ್ನು ಏರಿಸುತ್ತದೆ. ನಿಯಮದ ಪ್ರಕಾರ ಪೂರ್ತಿ ಸಮ ಮಾಡಹೋದರೆ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಏರಿಸಬೇಕು. ಕ್ಯಾಮರಾ ಅಷ್ಟಕ್ಕೆ ಹೋಗದೆ ಎರಡು ಪಟ್ಟಿಗೆ ನಿಲ್ಲಿಸಿತೆನ್ನಿ. ಆಗ ಆ ತಾಯಿಯ ಮುಖ 64, 60, 100 ಆಗುತ್ತದೆ. ನೀಲಿಯನ್ನು ಇಳಿಸಬೇಕಾದ ಸ್ಥಳದಲ್ಲಿ ಏರಿಸಿದ್ದರಿಂದ ಮುಖ ನೀಲಿಗಟ್ಟಿತು, ಭಂಡಾರ ಬಿಳಚಿತು. ಇಂದಿನ ಕ್ಯಾಮರಾಗಳೂ ಮೊಬೈಲುಗಳೂ ಈ ನಿಯಮಕ್ಕಿಂತ ಎಷ್ಟೋ ಜಾಣತನದಿಂದ ಊಹಿಸುತ್ತವೆ. ಆದರೂ ಊಹೆ ಊಹೆಯೇ. ಒಂದೇ ಸ್ಥಳದಲ್ಲಿ ತೆಗೆದ ಹತ್ತು ಚಿತ್ರಗಳಲ್ಲಿ ಹತ್ತು ಬಗೆಯ ಹಳದಿ ಬರುವುದು ಇದರಿಂದಲೇ.

ಫಿಲ್ಮಿನ ಕಾಲದಲ್ಲಿ

ಕೊಡಾಕ್ ಕಂಪನಿಯ ಕೊಡಾಕ್ರೋಮ್ ಬಣ್ಣದ ಫಿಲ್ಮು 1935ರಲ್ಲಿ ಪೇಟೆಗೆ ಬಂತು. ಫಿಲ್ಮಿಗೆ ಊಹಿಸುವ ಶಕ್ತಿಯಿಲ್ಲ. ತಯಾರಿಸುವಾಗಲೇ ಯಾವ ಬೆಳಕಿಗೆ ಹೊಂದಿಸಿದ್ದರೋ ಅದೇ ಕೊನೆ. ಹಗಲಿನ ಫಿಲ್ಮು 5,500 ಕೆಲ್ವಿನ್ನಿಗೆ, ಟಂಗ್‌ಸ್ಟನ್ ಫಿಲ್ಮು 3,200ಕ್ಕೆ. ಹಗಲಿನ ಫಿಲ್ಮನ್ನು ಟಂಗ್‌ಸ್ಟನ್ ದೀಪದಲ್ಲಿ ಬಳಸಬೇಕಾದರೆ ಲೆನ್ಸಿನ ಮುಂದೆ 80ಎ ಎಂಬ ನೀಲಿ ಗಾಜನ್ನು, ಟಂಗ್‌ಸ್ಟನ್ ಫಿಲ್ಮನ್ನು ಬಿಸಿಲಿನಲ್ಲಿ ಬಳಸಬೇಕಾದರೆ 85ಬಿ ಎಂಬ ಕಂದುಹಳದಿ ಗಾಜನ್ನು ಹಾಕುತ್ತಿದ್ದರು. ಗಾಜು ಹಾಕಿದಷ್ಟು ಬೆಳಕು ಕಡಿಮೆಯಾಗುತ್ತಿತ್ತು. ನಮ್ಮ ಕೈಯಲ್ಲಿರುವ ಕ್ಯಾಮರಾದಲ್ಲಿ ಆ ಗಾಜುಗಳ ಕೆಲಸವನ್ನು ಎರಡು ಗುಣಕಗಳು ಮಾಡುತ್ತವೆ. ಸೌಕರ್ಯ ಹೆಚ್ಚಿದೆ, ಬೆಳಕನ್ನು ಓದುವ ಜವಾಬ್ದಾರಿ ಮಾತ್ರ ಹೋಗಿಲ್ಲ.

ಬಿಳುಪನ್ನು ನಾವೇ ಅಳೆದು ಕೊಡುವ ಕ್ರಮ

ಇದಕ್ಕೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಕ್ರಮ ಹೀಗಿದೆ.

1. ಒಂದು ಬೂದು ಅಥವಾ ಬಿಳಿ ಹಲಗೆಯನ್ನು, ಚಿತ್ರದಲ್ಲಿ ನಿಲ್ಲುವವರ ಮುಖವಿರುವ ಸ್ಥಳದಲ್ಲೇ ಹಿಡಿಸಿರಿ. ಅವರ ಕೈಯಲ್ಲೇ ಕೊಟ್ಟರೂ ಆದೀತು. ನೀವು ನಿಂತ ಸ್ಥಳದ ಬೆಳಕಲ್ಲ, ಅವರು ನಿಂತ ಸ್ಥಳದ ಬೆಳಕು ಮುಖ್ಯ.

2. ಹಲಗೆಯು ಚೌಕಟ್ಟಿನ ನಡುಭಾಗವನ್ನು ಪೂರ್ತಿ ತುಂಬುವಂತೆ ಹತ್ತಿರ ಹೋಗಿರಿ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು.

3. ಬರಿ ಹಲಗೆಯ ಮೇಲೆ ಕ್ಯಾಮರಾ ತಾನಾಗಿ ಫೋಕಸ್ ಮಾಡಲಾರದು. ಕೈಯಿಂದ ಫೋಕಸ್ ಮಾಡುವ ಕಡೆಗೆ ಗುಂಡಿ ತಿರುಗಿಸಿರಿ. ಹಲಗೆ ಸ್ಪಷ್ಟವಾಗಿ ಮೂಡದಿದ್ದರೂ ಬಾಧಕವಿಲ್ಲ.

4. ಬೆಳಕಿನ ಪ್ರಮಾಣ ಸರಿಯಾಗಿರಲಿ. ಹಲಗೆ ಪೂರ್ತಿ ಬೆಳ್ಳಗೆ ಸುಟ್ಟಂತೆ ಬಂದರೆ ಮೂರೂ ಖಾತೆಗಳು ತುಂಬಿಹೋಗಿ ಅಳತೆ ಸಿಗುವುದಿಲ್ಲ. ತೀರ ಕಪ್ಪಾದರೂ ಅಷ್ಟೇ.

5. ಕ್ಯಾನನ್ ಕ್ಯಾಮರಾಗಳಲ್ಲಿ ಮೊದಲು ಹಲಗೆಯ ಚಿತ್ರ ತೆಗೆದು, ಆಮೇಲೆ ಮೆನುವಿನಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಎಂಬಲ್ಲಿಗೆ ಹೋಗಿ ಆ ಚಿತ್ರವನ್ನು ಆರಿಸಬೇಕು. ಅಷ್ಟರಿಂದಲೇ ಮುಗಿಯಲಿಲ್ಲ, ವೈಟ್ ಬ್ಯಾಲೆನ್ಸಿನ ಗುರುತನ್ನೂ ಕಸ್ಟಮ್‌ಗೆ ಬದಲಿಸಬೇಕು. ನಿಕಾನ್ ಕ್ಯಾಮರಾಗಳಲ್ಲಿ ಪಿಆರ್‌ಇ ಎಂಬುದನ್ನು ಆರಿಸಿ, ಅದು ಮಿನುಗುತ್ತಿರುವಾಗ ಹಲಗೆಯ ಚಿತ್ರ ತೆಗೆಯಬೇಕು. ಅಳತೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಕ್ಯಾಮರಾವೇ ತೋರಿಸುತ್ತದೆ. ಉಳಿದ ಕಂಪನಿಗಳ ಕ್ರಮವೂ ಈ ಎರಡರಲ್ಲಿ ಒಂದರ ಹಾಗೆಯೇ ಇರುತ್ತದೆ.

6. ಫೋಕಸನ್ನು ಮೊದಲಿನ ಸ್ಥಿತಿಗೆ ತಂದು ಚಿತ್ರ ತೆಗೆಯಿರಿ. ಬೆಳಕು ಬದಲಾದೊಡನೆ, ಅಂದರೆ ನೆರಳಿನಿಂದ ಬಿಸಿಲಿಗೆ, ಅಂಗಳದಿಂದ ಒಳಗೆ ಬಂದೊಡನೆ, ಮತ್ತೆ ಅಳೆಯಿರಿ. ಹಳೆಯ ಅಳತೆಯನ್ನು ಹೊಸ ಬೆಳಕಿಗೆ ಹಾಕುವುದು ಹೋದ ತಿಂಗಳ ಹಾಜರಿ ನೋಡಿ ಈ ತಿಂಗಳ ಪಗಾರ ಬರೆದಂತೆ.

ಯಾವ ಬಿಳುಪು ಯೋಗ್ಯ, ಯಾವುದು ಅಯೋಗ್ಯ

ಕಣ್ಣಿಗೆ ಬಿಳಿಯಾದದ್ದೆಲ್ಲ ಅಳತೆಗೆ ಯೋಗ್ಯವಲ್ಲ. ಅಳತೆಗೆಂದೇ ಮಾಡಿದ ಬೂದು ಹಲಗೆ ಎಲ್ಲಕ್ಕಿಂತ ಉತ್ತಮ. ಅದು ಮೂರು ಬಣ್ಣಗಳನ್ನೂ ಸಮವಾಗಿ ಹಿಂದಿರುಗಿಸುತ್ತದೆ. ಅದಿಲ್ಲದವರು ಕಾಗದವನ್ನು ಬಳಸಬಹುದು, ಆದರೆ ಒಂದು ಎಚ್ಚರಿಕೆಯಿದೆ. ಕಚೇರಿಯ ನೆರಳಚ್ಚು ಕಾಗದವು ಹೆಚ್ಚು ಬೆಳ್ಳಗೆ ಕಾಣಲೆಂದು ಅದರಲ್ಲಿ ಹೊಳಪಿನ ರಾಸಾಯನಿಕವನ್ನು ಸೇರಿಸಿರುತ್ತಾರೆ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಅದು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಅದನ್ನು ಅಳತೆಗೆ ಹಿಡಿದರೆ ಕ್ಯಾಮರಾ ನೀಲಿಯನ್ನು ಸ್ವಲ್ಪ ಹೆಚ್ಚು ಕಳೆದು ಚಿತ್ರಕ್ಕೆ ಹಳದಿ ಛಾಯೆ ತರುತ್ತದೆ. ಏನೂ ಇಲ್ಲದಿದ್ದಾಗ ಅದೂ ಆದೀತು, ಊಹೆಗಿಂತ ಒಳ್ಳೆಯದು.

ನೀಲಿ ಹಾಕಿ ಒಗೆದ ಅಂಗಿ, ಧೋತರಗಳು ಕೆಲಸಕ್ಕೆ ಬಾರವು. ನೀಲಿಯ ಉದ್ದೇಶವೇ ಬಟ್ಟೆಯ ಹಳದಿಯನ್ನು ಮರೆಮಾಡುವುದು. ಜೇಜುರಿಯಲ್ಲಿ ಭಂಡಾರ ಬಿದ್ದ ಬಟ್ಟೆಯಂತೂ ಸರ್ವಥಾ ಬೇಡ. ಅರಿಷಿಣದ ಬಣ್ಣವು ನೀಲಿ ಬೆಳಕನ್ನು ನುಂಗಿ ಕೆಂಪು ಮತ್ತು ಹಸಿರನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಧೂಳೂ ಅಳತೆಯನ್ನು ಕೆಡಿಸುತ್ತದೆ. ಅರಿಷಿಣದ ಕಲೆಗೆ ಸಾಬೂನು ತಗಲಿದರೆ ಕೆಂಪಾಗುವುದನ್ನು ಮನೆಯವರೆಲ್ಲ ನೋಡಿರುತ್ತಾರೆ; ಸಾಬೂನಿನ ಕ್ಷಾರಗುಣವೇ ಇದಕ್ಕೆ ಕಾರಣ. ಹೀಗೆ ಅರ್ಧ ಹೋದ ಕಲೆಯಿರುವ ಕರವಸ್ತ್ರವೂ ಬಿಳಿಯಲ್ಲ. ಹಲಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಅಳೆಯುವಾಗ ಮಾತ್ರ ಹೊರತೆಗೆದು, ಕೂಡಲೇ ಒಳಗಿಡತಕ್ಕದ್ದು.

ಜೇಜುರಿಯಲ್ಲಿ ಸಿಗುವ ಬೆಳಕುಗಳು

ಮೆಟ್ಟಿಲುಗಳ ಮೇಲೆ: ಬಿಸಿಲಿದ್ದರೆ 5,500ರ ಆಸುಪಾಸು. ಕಮಾನುಗಳ ಕೆಳಗೆ ಕೂಡಲೇ ನೆರಳು. ಮದುವೆಯಾದ ಹೊಸ ಜೋಡಿಗಳು ದರ್ಶನಕ್ಕೆ ಬಂದಾಗ ವರನು ವಧುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವ ರೂಢಿ ಅಲ್ಲಿದೆ. ಅಂಥ ಕ್ಷಣ ಎರಡನೆಯ ಸಲ ಬಾರದು. ಆದ್ದರಿಂದ ಅವರು ಹತ್ತುವ ಮೊದಲೇ ಅದೇ ಮೆಟ್ಟಿಲಿನ ಮೇಲೆ ಹಲಗೆ ಹಿಡಿದು ಅಳೆದು ಸಿದ್ಧರಾಗಿರಬೇಕು.

ಅಂಗಳದಲ್ಲಿ: ಗುಡಿಯ ಮುಂದೆ ಹಿತ್ತಾಳೆಯ ತಗಡು ಹೊದಿಸಿದ ದೊಡ್ಡ ಆಮೆಯಿದೆ. ಹಿತ್ತಾಳೆಯಿಂದಲೂ ಭಂಡಾರ ಹಾಸಿದ ನೆಲದಿಂದಲೂ ಪುಟಿದ ಬೆಳಕು ಮುಖದ ಕೆಳಭಾಗಕ್ಕೆ ಹಳದಿ ಬಳಿಯುತ್ತದೆ. ಹಲಗೆಯನ್ನು ನೆಲದ ಕಡೆ ಬಾಗಿಸಿ ಹಿಡಿದರೆ ಈ ಪುಟಿದ ಹಳದಿಯನ್ನೇ ಕ್ಯಾಮರಾ ಬೆಳಕೆಂದು ಭಾವಿಸಿ ಕಳೆದುಹಾಕುತ್ತದೆ. ಆದುದರಿಂದ ಹಲಗೆಯನ್ನು ನೆಟ್ಟಗೆ, ಮೇಲ್ಮುಖದ ಕಡೆ ತುಸು ಓರೆಯಾಗಿ, ಮುಖ್ಯ ಬೆಳಕಿಗೆ ಎದುರಾಗಿ ಹಿಡಿಯಬೇಕು. ಗದ್ದದ ಕೆಳಗೆ ಉಳಿಯುವ ಸ್ವಲ್ಪ ಹಳದಿ ಆ ಸ್ಥಳದ್ದೇ, ಅದು ಉಳಿಯಲಿ.

ಭಂಡಾರ ಹಾರುವಾಗ: ಗಾಳಿಯಲ್ಲಿ ಹಳದಿಯ ಮೋಡವೇ ಏಳುತ್ತದೆ. ಆ ಮೋಡದೊಳಗೆ ನಿಂತು ಅಳೆಯಬಾರದು. ಎರಚುವ ಮೊದಲೇ ತಿಳಿಯಾದ ಗಾಳಿಯಲ್ಲಿ ಅಳೆದಿಟ್ಟುಕೊಂಡರೆ ಹಾರುವ ಪುಡಿ ತನ್ನ ಬಣ್ಣದಲ್ಲೇ ಮೂಡುತ್ತದೆ. ಇನ್ನೊಂದು ಸೂಚನೆ: ಬಿಸಿಲಿನಲ್ಲಿರುವ ಭಂಡಾರವು ಕೆಂಪಿನ ಖಾತೆಯನ್ನು ಬೇಗ ತುಂಬಿಬಿಡುತ್ತದೆ. ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿ ತೆಗೆದರೆ ಪುಡಿಯ ಕಣಕಣವೂ ಉಳಿಯುತ್ತದೆ.

ಸಂಜೆ ಮತ್ತು ರಾತ್ರಿ: ದೀಪ, ಎಲ್ಇಡಿ, ಟ್ಯೂಬ್‌ಲೈಟು ಕಲೆತ ಬೆಳಕು. ಎರಡು ಬಗೆಯ ಬೆಳಕುಗಳನ್ನು ಒಂದೇ ಅಳತೆಯಿಂದ ಸರಿಮಾಡಲು ಬರುವುದಿಲ್ಲ. ಮುಖದ ಮೇಲೆ ಬೀಳುವುದಕ್ಕೆ ಅಳೆದು ಉಳಿದುದನ್ನು ಬಿಟ್ಟುಕೊಡಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಮಿನುಗುವಾಗ ಬಣ್ಣವೂ ಬದಲಾಗುತ್ತದೆ. ಅಲ್ಲಿ ಶಟರಿನ ವೇಗವನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ಇಟ್ಟು ಅಳೆಯುವುದೂ ತೆಗೆಯುವುದೂ ಲೇಸು. ಗರ್ಭಗುಡಿಯ ವಿಷಯದಲ್ಲಿ ಅಲ್ಲಿಯ ಫಲಕವನ್ನು ಓದಿ, ಅಪ್ಪಣೆ ಕೇಳಿ ನಡೆಯಬೇಕು. ದರ್ಶನದ ಸಾಲನ್ನು ತಡೆದು ಹಲಗೆ ಹಿಡಿಯುವುದು ಭಕ್ತನಿಗೂ ಛಾಯಾಗ್ರಾಹಕನಿಗೂ ಸಲ್ಲದು.

ಮೊಬೈಲ್ ಉಳ್ಳವರಿಗೆ

ನಮ್ಮಲ್ಲಿ ಬಹುಜನರ ಕ್ಯಾಮರಾ ಮೊಬೈಲೇ. ಅನೇಕ ಮೊಬೈಲುಗಳಲ್ಲಿ ಪ್ರೊ ಎಂಬ ವಿಭಾಗವಿದ್ದು, ಅದರಲ್ಲಿ ಡಬ್ಲ್ಯೂಬಿ ಎಂಬ ಗುರುತಿನ ಮುಂದೆ ಕೆಲ್ವಿನ್ ಅಂಕಿಯನ್ನು ಸರಿಸುವ ಪಟ್ಟಿಯಿರುತ್ತದೆ. ಹಲಗೆಯನ್ನು ಮುಂದೆ ಹಿಡಿದು ಅದು ಪರದೆಯ ಮೇಲೆ ಬಣ್ಣವಿಲ್ಲದ ಬೂದಾಗಿ ಕಾಣುವವರೆಗೆ ಅಂಕಿಯನ್ನು ಸರಿಸಿ ಅಲ್ಲಿಯೇ ಬಿಡಿರಿ. ಅಂಕಿ ಇಳಿಸಿದರೆ ಚಿತ್ರ ನೀಲಿಯಾಗುತ್ತದೆ, ಏರಿಸಿದರೆ ಹಳದಿಯಾಗುತ್ತದೆ. ಮೊದಲು ಹೇಳಿದ್ದಕ್ಕೆ ಇದು ತಿರುವುಮುರುವು ಎನಿಸಬಹುದು. ಆದರೆ ಇಲ್ಲಿ ನಾವು ಹೇಳುತ್ತಿರುವುದು ಚಿತ್ರದ ಬಣ್ಣವನ್ನಲ್ಲ, ಬೆಳಕಿನ ಬಣ್ಣವನ್ನು. ಬೆಳಕು 2,700, ಅಂದರೆ ಹಳದಿ, ಎಂದು ತಿಳಿಸಿದರೆ ಮೊಬೈಲು ಅದಕ್ಕೆ ನೀಲಿ ಸೇರಿಸಿ ಸಮ ಮಾಡುತ್ತದೆ.

ಅಂಥ ಪಟ್ಟಿಯಿಲ್ಲದವರು ಪ್ರತಿ ಸ್ಥಳದಲ್ಲೂ ಮೊದಲು ಹಲಗೆಯ ಒಂದು ಚಿತ್ರ ತೆಗೆದಿಡಿರಿ. ಅಚ್ಚು ಹಾಕುವ ಸ್ಟುಡಿಯೋದವನು ಆ ಬೂದನ್ನು ಆಧಾರವಾಗಿಟ್ಟುಕೊಂಡು ಉಳಿದ ಚಿತ್ರಗಳನ್ನು ಹೊಂದಿಸಬಲ್ಲ. ಕ್ಯಾಮರಾ ಉಳ್ಳವರು ರಾ ಎಂಬ ಕಚ್ಚಾ ರೂಪದಲ್ಲಿ ತೆಗೆದರೆ ಮೂರು ಖಾತೆಗಳ ಮೂಲ ಅಂಕಿಗಳು ಹಾಗೆಯೇ ಉಳಿಯುವುದರಿಂದ ಬಿಳುಪನ್ನು ಮನೆಯಲ್ಲಿ ಕುಳಿತು ನಿರ್ಣಯಿಸಬಹುದು. ಜೆಪೆಗ್ ರೂಪದಲ್ಲಿ ಗುಣಾಕಾರ ಮುಗಿದುಹೋಗಿರುತ್ತದೆ. ಸ್ವಲ್ಪ ತಿದ್ದಬಹುದು, ಹೆಚ್ಚು ತಿದ್ದಿದರೆ ಚಿತ್ರ ಒಡೆಯುತ್ತದೆ.

ಬಿಳುಪೆಂದರೆ ಬೆಳ್ಳಗಾಗಿಸುವುದಲ್ಲ

ಹೆಸರಿನಲ್ಲಿ ಬಿಳುಪು ಇರುವುದರಿಂದ ಕೆಲವರು ಇದನ್ನು ಮುಖ ಬೆಳ್ಳಗಾಗಿಸುವ ಉಪಾಯವೆಂದು ತಿಳಿಯುವುದುಂಟು. ಇದು ಅದಕ್ಕೆ ನೇರ ವಿರುದ್ಧವಾದದ್ದು. ಮುಖವನ್ನು ನಯಮಾಡಿ ಬಿಳಿ ಬಳಿಯುವ ಯಂತ್ರಾಂಗಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಅವು ಎಲ್ಲರ ಮುಖವನ್ನೂ ಒಂದೇ ಅಚ್ಚಿಗೆ ತರುತ್ತವೆ. ಸರಿಯಾದ ಬಿಳುಪಿನ ಅಳತೆಯು ಬಿಳಿಯನ್ನು ಬಿಳಿಯಾಗಿ ಇಟ್ಟು, ಕಪ್ಪು ಮುಖವನ್ನು ಕಪ್ಪಾಗಿ, ಕಂದು ಮುಖವನ್ನು ಕಂದಾಗಿ ಉಳಿಸಿಕೊಡುತ್ತದೆ. ಹೊಲದಲ್ಲೂ ಕಟ್ಟಡದ ಕೆಲಸದಲ್ಲೂ ಬಿಸಿಲಿಗೆ ಬೆಂದ ಮೈಬಣ್ಣಕ್ಕೆ ನಾಚಬೇಕಾದ ಕಾರಣವಿಲ್ಲ. ಮೊಮ್ಮಕ್ಕಳು ಮುಂದೆ ಚಿತ್ರ ನೋಡಿದಾಗ ಅಜ್ಜಿ ಇದ್ದಂತೆಯೇ ಇರಬೇಕು.

ಹಾಗೆಯೇ ಎಲ್ಲ ಬೆಳಕನ್ನೂ ಬಿಳಿ ಮಾಡಬೇಕೆಂಬ ಹಟವೂ ಬೇಡ. ಎಣ್ಣೆಯ ದೀಪದ ಮುಂದೆ ಕೈಮುಗಿದವರ ಮುಖದ ಹೊಂಬಣ್ಣವನ್ನು ಪೂರ್ತಿ ಕಳೆದರೆ ಅದು ಕಚೇರಿಯ ಗುರುತಿನ ಚೀಟಿಯ ಚಿತ್ರದಂತಾಗುತ್ತದೆ. ಅಲ್ಲಿ ಅಳೆದ ಅಂಕಿಗಿಂತ ಸ್ವಲ್ಪ ಮೇಲಿಟ್ಟು, ಅರ್ಧ ಹಳದಿಯನ್ನು ಉಳಿಸಬೇಕು. ಮುಳುಗುವ ಸೂರ್ಯನಿಗೆ ಹಲಗೆ ಹಿಡಿಯುವ ಅಗತ್ಯವೇ ಇಲ್ಲ. 5,500ಕ್ಕೆ ಇಟ್ಟು ಸುಮ್ಮನೆ ತೆಗೆಯಿರಿ. ಅಳತೆ ತಿಳಿದವನಿಗೆ ಮಾತ್ರ ಎಲ್ಲಿ ಅಳತೆಯನ್ನು ಸಡಿಲಿಸಬೇಕೆಂಬುದೂ ತಿಳಿಯುತ್ತದೆ.

ಕ್ಯಾಮರಾದ ರಕ್ಷಣೆ

ಭಂಡಾರದ ಧೂಳು ಬಹಳ ನುಣುಪು. ಅಂಗಳದಲ್ಲಿ ಲೆನ್ಸನ್ನು ಬದಲಿಸಬಾರದು. ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಲೆನ್ಸಿನ ಮುಖಕ್ಕಷ್ಟೇ ತೂತು ಬಿಟ್ಟು ರಬ್ಬರ್ ಬ್ಯಾಂಡು ಹಾಕಿರಿ. ಲೆನ್ಸಿನ ಮೇಲೆ ಪುಡಿ ಬಿದ್ದರೆ ಒದ್ದೆ ಬಟ್ಟೆಯಿಂದ ಒರೆಸದೆ, ಮೊದಲು ಊದುವ ಬುರುಡೆಯಿಂದಲೋ ಮೆದುವಾದ ಒಣ ಕುಂಚದಿಂದಲೋ ಕೊಡವಿರಿ. ಲೆನ್ಸಿನ ಮೇಲಿನ ಹಳದಿ ಧೂಳು ಚಿತ್ರದ ಬಣ್ಣವನ್ನೂ ಮಂಕು ಮಾಡುತ್ತದೆ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಜೇಜುರಿಗೆ ಹೋಗುವ ಮೊದಲ ಭಾನುವಾರ ಇದನ್ನು ಮಾಡಿ ನೋಡಿರಿ.

1. ಒಂದು ಅಗಲವಾದ ತಟ್ಟೆಯಲ್ಲಿ ಅರಿಷಿಣದ ಪುಡಿ ಹರವಿ, ನಡುವೆ ನಿಮ್ಮ ಅಂಗೈಯನ್ನಿಟ್ಟು, ತಟ್ಟೆ ಚೌಕಟ್ಟನ್ನು ತುಂಬುವಂತೆ, ಕ್ಯಾಮರಾ ತಾನೇ ಊಹಿಸುವ ಸ್ಥಿತಿಯಲ್ಲಿ ಚಿತ್ರ ತೆಗೆಯಿರಿ.

2. ಅದೇ ಸ್ಥಳದಲ್ಲಿ ಬೂದು ಹಲಗೆ ಹಿಡಿದು ಬಿಳುಪನ್ನು ಅಳೆದು ಮತ್ತೊಂದು ಚಿತ್ರ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ಅಂಗೈಯ ಬಣ್ಣವನ್ನು ಹೋಲಿಸಿರಿ. ಪುಡಿಗಿಂತ ಅಂಗೈಯೇ ಹೆಚ್ಚು ಹೇಳುತ್ತದೆ.

3. ಇವೆರಡನ್ನೂ ಬಿಸಿಲಿನಲ್ಲಿ, ಬಾಗಿಲ ನೆರಳಿನಲ್ಲಿ, ರಾತ್ರಿ ಬಲ್ಬಿನ ಕೆಳಗೆ, ಹೀಗೆ ಮೂರು ಕಡೆ ಮಾಡಿರಿ. ಯಾವ ಬೆಳಕಿನಲ್ಲಿ ವ್ಯತ್ಯಾಸ ಹೆಚ್ಚು ಎಂಬುದನ್ನು ಬರೆದಿಡಿರಿ.

4. ಬೂದು ಹಲಗೆಯ ಬದಲು ನೆರಳಚ್ಚು ಕಾಗದ ಹಿಡಿದು ಬಿಸಿಲಿನಲ್ಲಿ ಅಳೆಯಿರಿ. ಚಿತ್ರ ಯಾವ ಕಡೆಗೆ ವಾಲಿತು? ಏಕೆ? ಉತ್ತರ ಈ ಪಾಠದಲ್ಲಿಯೇ ಇದೆ.

ಕೈಗೆ ರೂಢಿಯಾದ ಮೇಲೆ ಅಳೆಯುವುದಕ್ಕೆ ಅರ್ಧ ನಿಮಿಷ ಸಾಕು. ಗುಡ್ಡದ ಮೇಲೆ ತಾಯಿ ತಂದೆಗಳನ್ನು ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಗುಂಡಿಗಳನ್ನು ಹುಡುಕುವ ಪ್ರಮೇಯ ಬರಬಾರದು; ಅಭ್ಯಾಸವೆಲ್ಲ ಮನೆಯಲ್ಲಿಯೇ ಮುಗಿದಿರಬೇಕು. ವಾಚನಾಲಯಕ್ಕೆ ಬರುವ ಮಿತ್ರರು ತಾವು ತೆಗೆದ ಜೋಡಿ ಚಿತ್ರಗಳನ್ನು ತಂದು ಮೇಜಿನ ಮೇಲಿಟ್ಟರೆ ಉಳಿದವರೂ ನೋಡಿ ಕಲಿಯಬಹುದು. ಒಬ್ಬನ ಚಿತ್ರದ ಗುಣದೋಷಗಳು ಹತ್ತು ಜನರಿಗೆ ಪಾಠವಾಗುತ್ತವೆ.